ಕ್ರೂಸ್ ಹಡಗಿನಲ್ಲಿ ತಿಂಡಿ ಎಲ್ಲಿ, ಊಟ ಎಲ್ಲಿ? ಓದುಗರ ಪ್ರಶ್ನೆಗಳಿಗೆ ಉತ್ತರ

ರಜೆಗೆ ಸಿಂಗಾಪುರದಿಂದ ಕ್ರೂಸ್ ಹತ್ತುವವರು, ಅಮೆರಿಕದಲ್ಲಿರುವ ಮಕ್ಕಳ ಜೊತೆ ಕೆರಿಬಿಯನ್ ಕಡೆ ಹೊರಟ ಅಪ್ಪ-ಅಮ್ಮಂದಿರು ಈ ಸಲ ತುಂಬ ಪತ್ರ ಬರೆದಿದ್ದಾರೆ. ರಾತ್ರಿಯೂಟದ ಬಗ್ಗೆ ಯಾರಿಗೂ ಅಷ್ಟು ಚಿಂತೆ ಇಲ್ಲ. ಅದರ ಹೊತ್ತು, ಮೇಜು ಮೊದಲೇ ಗೊತ್ತಾಗಿರುತ್ತದೆ. ಪರದಾಟವೆಲ್ಲ ಬೆಳಿಗ್ಗೆ ಮತ್ತು ಮಧ್ಯಾಹ್ನದ್ದು. ಪತ್ರ ಬರೆದವರಲ್ಲಿ ಹೆಚ್ಚಿನವರು ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಹೊರಟಿರುವುದರಿಂದ ಉದಾಹರಣೆಗಳನ್ನೂ ಅಲ್ಲಿಂದಲೇ ಕೊಟ್ಟಿದ್ದೇವೆ. ಬೇರೆ ಕಂಪನಿಗಳಲ್ಲಿ ಹೆಸರು ಬೇರೆ, ಲೆಕ್ಕಾಚಾರ ಹೆಚ್ಚುಕಡಿಮೆ ಇದೇ.

ಗಾಲ್ವೆಸ್ಟನ್‌ನಿಂದ 7 ರಾತ್ರಿಯ ಕ್ರೂಸ್‌ಗೆ ಅತ್ತೆ-ಮಾವನನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಓಯಸಿಸ್ ವರ್ಗದ ದೊಡ್ಡ ಹಡಗು. ಅತ್ತೆಗೆ ಮಂಡಿನೋವು. ತಿಂಡಿಗೆ ಎಲ್ಲರೂ ಬಫೆಗೇ ಹೋಗಿ ಅನ್ನುತ್ತಾರೆ. ಬೇರೆ ದಾರಿ ಇಲ್ಲವೆ? (ಡಾಲಸ್)

ಇದೆ, ಅದೂ ಟಿಕೆಟ್ಟಿನ ಹಣದಲ್ಲೇ. ರಾತ್ರಿ ಊಟ ಬಡಿಸುವ ಮೇನ್ ಡೈನಿಂಗ್ ರೂಮಿನಲ್ಲಿ ಬೆಳಗಿನ ತಿಂಡಿಯೂ ಸಿಗುತ್ತದೆ. ರಾತ್ರಿಗೆ ಮಾತ್ರ ತೆರೆದಿರುತ್ತದೆ ಎಂದುಕೊಂಡು ಬಹಳ ಜನ ಕಡೆಯ ದಿನದವರೆಗೂ ಅತ್ತ ಕಾಲಿಡುವುದೇ ಇಲ್ಲ.

ನಿಮ್ಮ ಅತ್ತೆಯ ಮಂಡಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ವಿಂಡ್‌ಜ್ಯಾಮರ್ ಬಫೆ ಇರುವುದು 16ನೇ ಡೆಕ್‌ನಲ್ಲಿ, ಅಂದರೆ ಮಹಡಿಯಲ್ಲಿ. ಲಿಫ್ಟಿಗೆ ಕಾಯಬೇಕು, ಖಾಲಿ ಮೇಜು ಹುಡುಕಬೇಕು, ತುಂಬಿದ ತಟ್ಟೆ ಹಿಡಿದು ಜನರ ನಡುವೆ ನುಸುಳಬೇಕು, ಕಾಫಿಗೆ ಮತ್ತೆ ಏಳಬೇಕು. ಹಡಗು ಸ್ವಲ್ಪ ಹೊಯ್ದಾಡಿದರೆ ಬಿಸಿ ಕಾಫಿ ಲೋಟ ಹಿಡಿದ ವಯಸ್ಸಾದವರಿಗೆ ಅದು ಅಪಾಯವೂ ಹೌದು. ಡೈನಿಂಗ್ ರೂಮ್ ಇರುವುದು ಕೆಳಗೆ, 3ರಿಂದ 5ನೇ ಡೆಕ್‌ಗಳಲ್ಲಿ. ಅಲ್ಲಿ ಹಡಗಿನ ಅಲುಗಾಟ ಕಡಿಮೆ. ಕೂತರೆ ಸಾಕು, ಎಲ್ಲವೂ ಮೇಜಿಗೇ ಬರುತ್ತದೆ. ತಿಂಡಿಗೆ ಮೂರು ಮಹಡಿಗಳಲ್ಲಿ ಒಂದನ್ನೇ ತೆರೆಯುವುದುಂಟು. ಯಾವುದು, ಎಷ್ಟು ಹೊತ್ತಿಗೆ ಎಂದು ಹಿಂದಿನ ರಾತ್ರಿಯೇ ಹಡಗಿನ ಆ್ಯಪ್‌ನಲ್ಲಿ ನೋಡಿಟ್ಟುಕೊಳ್ಳಿ. ಬಂದರಿನ ದಿನ ಬೇಗ ತೆರೆದು ಬೇಗ ಮುಚ್ಚುತ್ತದೆ, ಸಮುದ್ರದ ಮೇಲಿನ ದಿನ ನಿಧಾನ. ಬಾಗಿಲಲ್ಲಿ "ಪ್ರೈವೇಟ್ ಟೇಬಲ್, ಪ್ಲೀಸ್" ಎಂದು ಕೇಳದಿದ್ದರೆ ಎಂಟು ಜನರ ಮೇಜಿನಲ್ಲಿ ಪರಿಚಯವಿಲ್ಲದವರ ಜೊತೆ ಕೂರಿಸಬಹುದು. ಮಾವನವರಿಗೆ ಅದೇ ಖುಷಿಯಾದರೆ ಬೇರೆ ಮಾತು.

ಇದಕ್ಕೂ ಒಂದು ಕೊರತೆ ಇದೆ: ಹೊತ್ತು. ಒಳಗೆ ಹೋಗಿ ಹೊರಬರಲು ಮುಕ್ಕಾಲು ಗಂಟೆಯಿಂದ ಒಂದೂಕಾಲು ಗಂಟೆ ಬೇಕು. ಹಾಗಾಗಿ ಕೋಸುಮೆಲ್‌ನಂಥ ಬಂದರಿನಲ್ಲಿ ಇಳಿಯುವ ಬೆಳಿಗ್ಗೆ ಇದು ಬೇಡ. ಹೊರಟ ಮರುದಿನ ಪೂರ್ತಿ ಸಮುದ್ರದ ಮೇಲೆಯೇ ಇರುತ್ತೀರಿ, ಆವತ್ತು ಖಂಡಿತ ಅಲ್ಲಿಗೇ ಹೋಗಿ. ಅಂಥ ದಿನ 9ರಿಂದ 10.30ರ ತನಕ ಬಫೆಯಲ್ಲಿ ಕೂರಲು ಜಾಗ ಸಿಗುವುದು ಕಷ್ಟ.

ಓಯಸಿಸ್ ವರ್ಗದಲ್ಲಿ ಇನ್ನೆರಡು ಜಾಗಗಳಿವೆ. 8ನೇ ಡೆಕ್‌ನಲ್ಲಿ, ಗಿಡಮರ ಬೆಳೆಸಿದ ಸೆಂಟ್ರಲ್ ಪಾರ್ಕಿನ ಅಂಚಿಗೆ ಪಾರ್ಕ್ ಕೆಫೆ. ಬೆಳಿಗ್ಗೆ ಬೇಗಲ್, ಹಣ್ಣು. ಮಧ್ಯಾಹ್ನ ಸೂಪ್, ಸ್ಯಾಂಡ್‌ವಿಚ್, ಎದುರಿಗೇ ಹೆಚ್ಚಿ ಕಲಸಿಕೊಡುವ ಸಲಾಡ್. ಹಡಗಿನ ನಡುಮಟ್ಟದಲ್ಲಿರುವುದರಿಂದ ಲಿಫ್ಟಿನ ಕಾಟವೂ ಕಡಿಮೆ. ಇನ್ನೊಂದು, 6ನೇ ಡೆಕ್‌ನ ಬೋರ್ಡ್‌ವಾಕ್‌ನಲ್ಲಿರುವ ಜಾನಿ ರಾಕೆಟ್ಸ್ ಎಂಬ ಬರ್ಗರ್ ಹೋಟೆಲು. ಮಧ್ಯಾಹ್ನ ಅಲ್ಲಿ ಹಣ ಕೊಟ್ಟು ತಿನ್ನಬೇಕು, ಆದರೆ ಈ ವರ್ಗದ ಹಡಗುಗಳಲ್ಲಿ ಬೆಳಗಿನ ತಿಂಡಿ ಉಚಿತ. ಅಮೆರಿಕನ್ ತಿಂಡಿ: ಮೊಟ್ಟೆ, ಪ್ಯಾನ್‌ಕೇಕ್, ಆಲೂಗಡ್ಡೆ. ಮಕ್ಕಳಿದ್ದರೆ ಒಳ್ಳೆಯದು, ನಿಮ್ಮ ಅತ್ತೆ-ಮಾವನಿಗೆ ಅಷ್ಟಕ್ಕಷ್ಟೆ.

ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಬಫೆಯಲ್ಲಿ 'ವೆಜಿಟೇರಿಯನ್' ಎಂಬ ಚೀಟಿ ಇರುವುದನ್ನು ಧೈರ್ಯವಾಗಿ ಹಾಕಿಕೊಳ್ಳಬಹುದೆ? (ಮೈಸೂರು)

ಬೇಡ. ಪಶ್ಚಿಮದ ಅಡುಗೆಮನೆಯಲ್ಲಿ ವೆಜಿಟೇರಿಯನ್ ಎಂದರೆ ಮೊಟ್ಟೆಯೂ ಸೇರಿತು ಎಂದೇ ಲೆಕ್ಕ. ಅದಕ್ಕಾಗಿ ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: "ನೋ ಮೀಟ್, ನೋ ಫಿಶ್, ನೋ ಎಗ್. ಮಿಲ್ಕ್ ಆ್ಯಂಡ್ ಯೋಗರ್ಟ್ ಓಕೆ." 'ಕರ್ಡ್' ಎನ್ನಬೇಡಿ, ಅದು ಮೊಸರು ಎಂದು ಅಲ್ಲಿನ ಎಲ್ಲರಿಗೂ ಹೊಳೆಯುವುದಿಲ್ಲ. ಅರ್ಥವಾಗಲಿಲ್ಲ ಅನ್ನಿಸಿದರೆ "ವೀಗನ್, ಬಟ್ ಮಿಲ್ಕ್ ಈಸ್ ಓಕೆ" ಎನ್ನಿ, ಕೂಡಲೇ ಗೊತ್ತಾಗುತ್ತದೆ (ವೀಗನ್ ಎಂದರೆ ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟದವರು).

ಬೆಳಿಗ್ಗೆ ಎಡವುವುದು ಎಲ್ಲಿ? ಪ್ಯಾನ್‌ಕೇಕ್, ವಾಫಲ್, ಮಫಿನ್, ಫ್ರೆಂಚ್ ಟೋಸ್ಟ್ – ಎಲ್ಲದರಲ್ಲೂ ಮೊಟ್ಟೆ. ಕ್ರುವಾಸಾನ್ ಹೊಳೆಯುತ್ತಿದ್ದರೆ ಬಹುಮಟ್ಟಿಗೆ ಮೇಲೆ ಮೊಟ್ಟೆ ಸವರಿ ಬೇಯಿಸಿದ್ದು. ಹ್ಯಾಶ್ ಬ್ರೌನ್ ಬರೀ ಆಲೂಗಡ್ಡೆಯೇ, ಆದರೆ ಬೇಕನ್ ಹುರಿದ ಕಾವಲಿಯ ಮೇಲೇ ಬೆಂದಿರಬಹುದು. ಬೇಕ್ಡ್ ಬೀನ್ಸ್‌ನಲ್ಲಿ, ಮುಖ್ಯವಾಗಿ ಅಮೆರಿಕನ್ ಬಗೆಯದರಲ್ಲಿ, ಹಂದಿಮಾಂಸದ ಚೂರು ಇರುವುದು ಮಾಮೂಲು. ಗಟ್ಟಿಯಾಗಿ ನಿಂತ ಹಣ್ಣಿನ ಯೋಗರ್ಟ್‌ಗೆ ಜೆಲಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಅಂಟು) ಹಾಕಿರಬಹುದು, ಸಾದಾ ಯೋಗರ್ಟೇ ವಾಸಿ. ನೆಮ್ಮದಿಯಿಂದ ತಿನ್ನಬಹುದಾದದ್ದು: ಓಟ್‌ಮೀಲ್ (ಹಾಲಿನದೋ ನೀರಿನದೋ ಕೇಳಿ), ಟೋಸ್ಟ್ ಮತ್ತು ಕಡಲೆಕಾಯಿ ಬೆಣ್ಣೆ, ಬೇಗಲ್ ಮತ್ತು ಕ್ರೀಮ್ ಚೀಸ್, ಸುಟ್ಟ ಟೊಮೆಟೊ, ಹಾಲು-ಸೀರಿಯಲ್, ಹಣ್ಣು.

ಮಧ್ಯಾಹ್ನದ ಬಲೆ ಇನ್ನೂ ಸೂಕ್ಷ್ಮ, ಏಕೆಂದರೆ ಮಾಂಸ ಕಣ್ಣಿಗೆ ಬೀಳುವುದಿಲ್ಲ. ತರಕಾರಿ ಸೂಪನ್ನು ಕೋಳಿಯ ಸಾರಿನಲ್ಲಿ ಕುದಿಸಿರುವುದುಂಟು. ಹಳದಿ ಬಣ್ಣದ ಪಿಲಾಫ್ ಅನ್ನವೂ ಹಾಗೆಯೇ. ಬಿಳಿ ಅನ್ನ ಮಾತ್ರ ನಿಶ್ಚಿಂತೆ. ಸೀಸರ್ ಸಲಾಡಿನ ಡ್ರೆಸಿಂಗ್‌ನಲ್ಲಿ ಆಂಚೋವಿ ಮೀನು. ಮೆಕ್ಸಿಕನ್ ಸಾಲಿನ ರಿಫ್ರೈಡ್ ಬೀನ್ಸ್‌ನಲ್ಲಿ ಹಂದಿ ಕೊಬ್ಬು ಇರಬಹುದು. ಸಿಂಗಾಪುರ ಕಡೆಯ ಹಡಗಾದರೆ ವೆಜಿಟೇಬಲ್ ಫ್ರೈಡ್ ರೈಸಿಗೆ ಆಯ್ಸ್ಟರ್ ಸಾಸ್, ಥಾಯ್ ಕರಿಗೆ ಸಿಗಡಿ ಪೇಸ್ಟ್, ಕಿಮ್ಚಿಗೆ ಮೀನಿನ ಸಾಸ್, ಮಿಸೊ ಸೂಪಿಗೆ ಒಣಮೀನಿನ ಸಾರು. ಆಲಿವ್ ಎಣ್ಣೆ, ನಿಂಬೆಹಣ್ಣು ಕೇಳಿ ಪಡೆದು ಸಲಾಡ್ ನೀವೇ ಕಲಸಿಕೊಳ್ಳಿ.

ಬಫೆಯಲ್ಲಿ ಇಕ್ಕಳದ್ದೂ ಒಂದು ತಾಪತ್ರಯ. ಒಬ್ಬರು ಮಾಂಸಕ್ಕೆ ಹಾಕಿದ ಇಕ್ಕಳವನ್ನೇ ಮುಂದಿನ ತಟ್ಟೆಯ ತರಕಾರಿಗೂ ಹಾಕಿಬಿಡುತ್ತಾರೆ. ಇದು ಒಗ್ಗದವರಿಗೆ ನಮ್ಮ ಸಲಹೆ ಒಂದೇ: ಡೈನಿಂಗ್ ರೂಮ್. ಬಫೆಯ ಸಾಲಿನಲ್ಲಿ ನಿಂತ ಹುಡುಗನಿಗೆ ಆ ತಟ್ಟೆಯಲ್ಲಿ ಏನೇನು ಬಿದ್ದಿದೆ ಎಂದು ಗೊತ್ತಿರಬೇಕೆಂದೇನಿಲ್ಲ. ಡೈನಿಂಗ್ ರೂಮಿನ ಹೆಡ್ ವೇಟರ್ ಒಳಗೆ ಹೋಗಿ ಕೇಳಿಕೊಂಡು ಬರುತ್ತಾರೆ. ಮೊದಲ ರಾತ್ರಿಯ ಊಟದಲ್ಲೇ ಅವರಿಗೆ ಹೇಳಿ, ಮರುದಿನ ಮಧ್ಯಾಹ್ನ ಡೈನಿಂಗ್ ರೂಮ್ ತೆರೆದಿದ್ದರೆ ದಾಲ್, ಅನ್ನ, ಪಲ್ಯ ಮಾಡಿಸಿಕೊಡಬಹುದೇ ಎಂದು ವಿಚಾರಿಸಿ. ಹೀಗೆ ಒಂದು ದಿನ ಮುಂಚೆ ಕೇಳಿದರೆ ಸಾಮಾನ್ಯವಾಗಿ ಆಗುತ್ತದೆ, ಕೂತ ಮೇಲೆ ಕೇಳಿದರೆ ಆಗುವುದಿಲ್ಲ. ಈ ಹಡಗುಗಳ ಅಡುಗೆಮನೆಯಲ್ಲಿ ಗೋವಾ, ಮಂಗಳೂರು, ಉಡುಪಿ ಕಡೆಯ ಹುಡುಗರು ಬಹಳ ಜನ ದುಡಿಯುತ್ತಾರೆ. ಎದೆಯ ಮೇಲಿನ ಹೆಸರುಪಟ್ಟಿಯಲ್ಲಿ ಊರಿನದೋ ದೇಶದ್ದೋ ಹೆಸರು ಇರುವುದುಂಟು, ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಿಸಿ ನೋಡಿ. ಈರುಳ್ಳಿ-ಬೆಳ್ಳುಳ್ಳಿಯೂ ಬೇಡವೆನ್ನುವವರು, ಜೈನ ಊಟ ಬೇಕಾದವರು ಮಾತ್ರ ಟಿಕೆಟ್ ಕಾಯ್ದಿರಿಸುವಾಗಲೇ ಬರೆದು ತಿಳಿಸಬೇಕು.

ಸಿಂಗಾಪುರದಿಂದ 4 ರಾತ್ರಿ. ಇಡ್ಲಿ, ಉಪ್ಪಿಟ್ಟು ಸಿಗುತ್ತದೆಯೆ? ಪುಟ್ಟ ಕೆಟಲ್, ಮನೆಯ ಚಟ್ನಿಪುಡಿ ಒಯ್ಯಬಹುದೆ? (ಹುಬ್ಬಳ್ಳಿ)

ಭಾರತದ ಪ್ರಯಾಣಿಕರು ಹೆಚ್ಚಿರುವ ದಾರಿ ಅದು. ಬಫೆಯಲ್ಲಿ ಇಂಡಿಯನ್ ಸಾಲು ಇರುವುದು ಸಾಮಾನ್ಯ, ದಿನಕ್ಕೊಂದು ಬಗೆ. ಆದರೆ ಯಾವುದನ್ನು ಹಾಕಿಕೊಳ್ಳಬೇಕು ಎಂಬುದಕ್ಕೆ ಊಟವನ್ನು ಬಿಸಿಯಾಗಿಡುವ ಪೆಟ್ಟಿಗೆಯ ಗುಣ ಸ್ವಲ್ಪ ತಿಳಿದಿರಬೇಕು. ಕೆಳಗಿನಿಂದ ಶಾಖ ಬರುತ್ತಿರುತ್ತದೆ, ಮೇಲಿನ ಮುಚ್ಚಳ ನಿಮಿಷಕ್ಕೊಮ್ಮೆ ತೆರೆಯುತ್ತದೆ. ಇಡ್ಲಿಯ ಅಂಚು ಒಣಗಿ ಸಿಪ್ಪೆ ಕಟ್ಟುತ್ತದೆ, ಮುಚ್ಚಿದ ಆವಿಗೆ ವಡೆ ಮೆತ್ತಗಾಗಿ ಜಗ್ಗುತ್ತದೆ, ಪೂರಿ ಹತ್ತೇ ನಿಮಿಷಕ್ಕೆ ಚರ್ಮವಾಗುತ್ತದೆ. ಉಪ್ಪಿಟ್ಟು ಗಂಟುಗಟ್ಟುತ್ತದೆ. ನೀರಿನಂಶ ಇರುವ ದಾಲ್, ಸಾಗು, ಕುರ್ಮ ಮಾತ್ರ ಹದ ಕೆಡದೆ ಇರುತ್ತವೆ. ಆದ್ದರಿಂದ ಇಡ್ಲಿಯೇ ಬೇಕಾದರೆ ಬಾಗಿಲು ತೆರೆದ ಮೊದಲ ಅರ್ಧ ಗಂಟೆಯಲ್ಲಿ ಹೋಗಿ, ಇಲ್ಲವೆ ಹೊಸ ಟ್ರೇ ಬರುವ ತನಕ ಐದು ನಿಮಿಷ ನಿಲ್ಲಿ. ನಿಂತದ್ದಕ್ಕೆ ಬೆಲೆ ಉಂಟು. ಮೊಟ್ಟೆ ತಿನ್ನುವವರೂ ಅಷ್ಟೆ: ಟ್ರೇಯಲ್ಲಿ ನೀರು ಬಿಟ್ಟುಕೊಂಡ ಸ್ಕ್ರ್ಯಾಂಬಲ್ಡ್ ಎಗ್ ಬಿಟ್ಟು ಎದುರಿಗೇ ಹೊಯ್ದುಕೊಡುವ ಆಮ್ಲೆಟ್ ಸಾಲಿಗೆ ಹೋಗಿ.

ಕ್ವಾಂಟಮ್ ವರ್ಗದ ಹಡಗಾದರೆ ಬಫೆ 14ನೇ ಡೆಕ್‌ನಲ್ಲಿ. ಅಲ್ಲಿ ನೂಕುನುಗ್ಗಲಾದಾಗ ಟೂಸೆವೆಂಟಿ ಸಭಾಂಗಣದ ಪಕ್ಕದ ಕೆಫೆಗೆ ಇಳಿಯಿರಿ. ಸ್ಯಾಂಡ್‌ವಿಚ್, ಸಲಾಡ್, ಸೂಪ್ ಅಷ್ಟೇ ಇರುವುದರಿಂದ ಜನ ಕಡಿಮೆ.

ಕೆಟಲ್ ಒಯ್ಯಬೇಡಿ. ಕೂದಲಿಗೆ ಬಳಸುವಂಥವನ್ನು ಬಿಟ್ಟರೆ ಕಾಯಿಸುವ ತಂತಿ ಇರುವ ಸಾಮಾನುಗಳನ್ನು ಕ್ಯಾಬಿನ್ನಿಗೆ ಬಿಡುವುದಿಲ್ಲ, ಇಸ್ತ್ರಿಪೆಟ್ಟಿಗೆಯೂ ಅದೇ ಪಟ್ಟಿಯಲ್ಲಿದೆ. ಸಮುದ್ರದ ನಡುವೆ ಬೆಂಕಿ ಎಂದರೆ ಓಡಲು ಜಾಗವಿಲ್ಲ. ನಿಯಮ ಸರಿಯಾಗಿಯೇ ಇದೆ. ತಪಾಸಣೆಯಲ್ಲಿ ತೆಗೆದಿಟ್ಟುಕೊಂಡು ಇಳಿಯುವ ದಿನ ಕೊಡುತ್ತಾರೆ, ಜೊತೆಗೆ ಆ ಸೂಟ್‌ಕೇಸೂ ಕ್ಯಾಬಿನ್ನಿಗೆ ತಡವಾಗಿ ಬರುತ್ತದೆ. ಮನೆಯಲ್ಲಿ ಮಾಡಿದ ಪುಡಿ, ತೊಕ್ಕು ಒಯ್ಯಲು ಬಿಡುವುದಿಲ್ಲ. ಅಂಗಡಿಯ, ಸೀಲ್ ಒಡೆಯದ ಪೊಟ್ಟಣಕ್ಕೆ ಸಾಮಾನ್ಯವಾಗಿ ತಕರಾರಿಲ್ಲ. ಒಗ್ಗರಣೆ ಹಾಕಿ ಕಲಕಬೇಕಾದ ಮಿಕ್ಸ್ ಅಲ್ಲಿ ಪ್ರಯೋಜನಕ್ಕೆ ಬಾರದು. ಬಿಸಿನೀರು ಸುರಿದು ಮುಚ್ಚಿಡುವ ಕಪ್ ಉಪ್ಪಿಟ್ಟು, ಅವಲಕ್ಕಿ ಒಯ್ಯಿರಿ. ಬಫೆಯ ಚಹಾ ನೀರು ಕುದಿಯುವಷ್ಟು ಬಿಸಿ ಇರುವುದಿಲ್ಲ, ಹಾಗಾಗಿ ಡಬ್ಬದ ಮೇಲೆ 3 ನಿಮಿಷ ಎಂದು ಬರೆದಿದ್ದರೂ 6 ನಿಮಿಷ ಮುಚ್ಚಿಡಿ. ಇಲ್ಲವಾದರೆ ನಡುವೆ ರವೆ ಹಸಿಯಾಗಿಯೇ ಉಳಿಯುತ್ತದೆ.

ಹತ್ತುವ ದಿನ ಮಧ್ಯಾಹ್ನ ಎಲ್ಲಿ ಊಟ ಮಾಡಬೇಕು? ಕಳೆದ ಸಲ ಮುಕ್ಕಾಲು ಗಂಟೆ ತಟ್ಟೆ ಹಿಡಿದು ಅಲೆದೆವು. (ಬೆಂಗಳೂರು)

ಹಡಗು ಹತ್ತಿದವರನ್ನೆಲ್ಲ ಬಾಗಿಲಲ್ಲೇ "ಬಫೆ ಮೇಲಿದೆ" ಎಂದು ಕಳಿಸುತ್ತಾರೆ, ಕ್ಯಾಬಿನ್ ಇನ್ನೂ ತೆರೆದಿರುವುದಿಲ್ಲ, ಎಲ್ಲರ ಕೈಯಲ್ಲೂ ಚೀಲ. 12.30ರಿಂದ 1.30ರ ತನಕ ಅಲ್ಲಿಗೆ ಹೋಗಲೇಬೇಡಿ. ಹನ್ನೆರಡರೊಳಗೆ ಹತ್ತಿದರೆ ನೇರ ಬಫೆಗೆ ಹೋಗಿ. ತಡವಾದರೆ ಮೊದಲು ಸುರಕ್ಷತಾ ಕವಾಯತು ಮುಗಿಸಿಕೊಳ್ಳಿ: ಆ್ಯಪ್‌ನಲ್ಲಿ ವಿಡಿಯೊ ನೋಡಿ, ನಿಮಗೆ ಗೊತ್ತುಮಾಡಿದ ಮಸ್ಟರ್ ಸ್ಟೇಷನ್‌ಗೆ (ಅಪಾಯದ ಹೊತ್ತಿನಲ್ಲಿ ಸೇರಬೇಕಾದ ಜಾಗ) ಹೋಗಿ ಕಾರ್ಡ್ ತೋರಿಸಿದರೆ ಆಯಿತು. ಅದು ಮುಗಿದ ಮೇಲೆ ಪಾರ್ಕ್ ಕೆಫೆ, ಪ್ರಾಮೆನೇಡ್ ಮಹಡಿಯ ಸೊರೆಂಟೋಸ್ ಪಿಜ್ಜಾ, ಕೆಫೆ ಪ್ರಾಮೆನೇಡ್‌ನ ಸ್ಯಾಂಡ್‌ವಿಚ್ – ಇವುಗಳಲ್ಲಿ ಒಂದು. ಪಿಜ್ಜಾ ದೀಪದ ಕೆಳಗೆ ಒಣಗಿದ್ದರೆ ತೆಗೆದುಕೊಳ್ಳಬೇಡಿ. ಬರೀ ಚೀಸಿನದು ಬಿಸಿಯಾಗಿ ಬೇಕು, ಹೊಸ ಚಾಕುವಿನಲ್ಲಿ ಕತ್ತರಿಸಿ ಎಂದರೆ ಮಾಡಿಕೊಡುತ್ತಾರೆ. ಮಾತ್ರೆ, ಮಗುವಿನ ಆಹಾರ ಕೈಚೀಲದಲ್ಲೇ ಇರಲಿ, ದೊಡ್ಡ ಸಾಮಾನು ಸಂಜೆಯ ಮೇಲೂ ಬರಬಹುದು.

ಬಂದರಿನಲ್ಲಿ ಬೆಳಿಗ್ಗೆ 8ಕ್ಕೆ ಪ್ರವಾಸ ಹೊರಡಬೇಕು. ಕ್ಯಾಬಿನ್ನಿಗೇ ತಿಂಡಿ ತರಿಸಿಕೊಳ್ಳುವುದು ಸರಿಯೆ? ಬಫೆಯಿಂದ ಬುತ್ತಿ ಕಟ್ಟಿಕೊಳ್ಳಬಹುದೆ? (ಅಟ್ಲಾಂಟಾ)

ತರಿಸಿಕೊಳ್ಳುವುದು ಸರಿ. ರಾಯಲ್ ಕೆರಿಬಿಯನ್‌ನಲ್ಲಿ ಬ್ರೆಡ್, ಸೀರಿಯಲ್, ಹಣ್ಣು, ಕಾಫಿಯ ಕಾಂಟಿನೆಂಟಲ್ ತಿಂಡಿ ಉಚಿತ. ಬಿಸಿ ತಿಂಡಿಗೆ 2017ರಲ್ಲಿ 7.95 ಡಾಲರ್, ಅದರ ಮೇಲೆ 18% ಸೇವಾಶುಲ್ಕ ಹಾಕಲು ಶುರುಮಾಡಿದರು. ಇಂಥ ದರಗಳು ಏರುತ್ತಿರುತ್ತವೆ, ಆ್ಯಪ್‌ನಲ್ಲಿ ನೋಡಿ. ಹೊತ್ತನ್ನು ಅರ್ಧ ಗಂಟೆ ಮುಂಚಿತವಾಗಿಯೇ ಗುರುತು ಹಾಕಿ: 7ಕ್ಕೆ ಬೇಕಾದರೆ 6.30ರಿಂದ 7ರ ಚೌಕವನ್ನು ಆರಿಸಿ. ಬಂದರಿನ ಬೆಳಿಗ್ಗೆ ಎಲ್ಲರೂ ಅದೇ ಹೊತ್ತಿಗೆ ತರಿಸುತ್ತಾರೆ. ಬಾಗಿಲಿಗೆ ತೂಗುಹಾಕುವ ಚೀಟಿಯಾದರೆ ಮಲಗುವ ಮುಂಚೆಯೇ ಹಾಕಿ.

ಬುತ್ತಿ ಬೇಡ. ಹಣ್ಣು, ಮಾಂಸ, ಹಾಲಿನ ಪದಾರ್ಥ, ಬಫೆಯ ಸ್ಯಾಂಡ್‌ವಿಚ್ – ಯಾವುದನ್ನೂ ದಡಕ್ಕೆ ಒಯ್ಯುವಂತಿಲ್ಲ. ಬೆಳೆರೋಗ, ಕೀಟ ಹರಡುತ್ತವೆ ಎಂಬ ಕಾರಣಕ್ಕೆ ಬಂದರುಗಳಲ್ಲಿ ನಾಯಿ ಬಿಟ್ಟು ಮೂಸಿಸುವುದೂ ಉಂಟು, ಒಂದು ಬಾಳೆಹಣ್ಣಿಗೂ ದಂಡ ಬೀಳಬಹುದು. ಸೀಲ್ ಮಾಡಿದ ಬಿಸ್ಕತ್ತು, ಚಿಕ್ಕಿ ಸಾಕು. ಗಡಿಯಾರದಲ್ಲಿ ಹಡಗಿನ ಸಮಯವೇ ಇರಲಿ, ದಡದ ಸಮಯ ಬೇರೆ ಇರಬಹುದು. ಮೂರು ಗಂಟೆಗೆ ಹಿಂತಿರುಗಿದರೆ ಬಫೆ ಮುಚ್ಚುವ ಹೊತ್ತು, ಪಿಜ್ಜಾ ಮತ್ತು ಕೆಫೆಗಳು ತೆರೆದಿರುತ್ತವೆ.

ಕೋಕೋಕೇ ದ್ವೀಪದಲ್ಲಿ ಇಳಿದ ದಿನ ಊಟಕ್ಕೆ ಹಡಗಿಗೆ ವಾಪಸ್ಸು ಬರಬೇಕೆ? (ಒರ್ಲ್ಯಾಂಡೊ)

ಬರಬೇಕೆಂದಿಲ್ಲ. ಬಹಾಮಾಸ್‌ನಲ್ಲಿರುವ ಕಂಪನಿಯದೇ ದ್ವೀಪ ಅದು, ಚಿಲ್ ಗ್ರಿಲ್, ಸ್ನ್ಯಾಕ್ ಶ್ಯಾಕ್ ಎರಡೂ ಟಿಕೆಟ್ಟಿನಲ್ಲೇ ಸೇರಿವೆ. ಚಿಲ್ ಗ್ರಿಲ್‌ನಲ್ಲಿ ಟ್ಯಾಕೊ ಕಟ್ಟಿಕೊಳ್ಳುವ ಸಾಲು, ಸಲಾಡ್, ಹಣ್ಣು ಇರುವುದರಿಂದ ಸಸ್ಯಾಹಾರಿಗಳಿಗೆ ಅದೇ ಮೇಲು. ಸ್ನ್ಯಾಕ್ ಶ್ಯಾಕ್‌ನಲ್ಲಿ ಚೀಸ್ ಕಡ್ಡಿ, ಫ್ರೈಸ್ ಇವೆ, ಕೋಳಿ ಕರಿದ ಎಣ್ಣೆಯಲ್ಲೇ ಕರಿದದ್ದೇ ಎಂದು ಕೇಳಿಕೊಳ್ಳಿ. ಬಿಸಿಲು ತಡೆಯದ ಹಿರಿಯರಿದ್ದರೆ ಮಾತ್ರ ಹಡಗಿಗೆ ಕರೆತನ್ನಿ. ಅಂದು ಮಧ್ಯಾಹ್ನ ಹಡಗಿನ ಬಫೆಯಷ್ಟು ಖಾಲಿ ಜಾಗ ಮತ್ತೊಂದಿಲ್ಲ.

ಸಾವಿರಾರು ಜನ ಮುಟ್ಟಿದ ಬಫೆ ಊಟ ಸುರಕ್ಷಿತವೆ? ವಾಂತಿ-ಭೇದಿಯ ಸುದ್ದಿ ಓದಿ ಹೆದರಿಕೆಯಾಗಿದೆ. (ದಾವಣಗೆರೆ)

ಊಟಕ್ಕಿಂತ ಕೈಗೆ ಹೆದರಿ. ಆ ಸುದ್ದಿಗಳ ಹಿಂದೆ ಹೆಚ್ಚಾಗಿ ಇರುವುದು ನೊರೊವೈರಸ್. ಬಾಗಿಲಲ್ಲಿ ಹಾಕುವ ಸ್ಯಾನಿಟೈಸರ್ ಅದರ ಮೇಲೆ ಚೆನ್ನಾಗಿ ಕೆಲಸ ಮಾಡುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡು ಉಜ್ಜಿ ತೊಳೆಯಬೇಕು. ತಟ್ಟೆ ತುಂಬಿಸಿಕೊಂಡು ಮೇಜಿಗೆ ಬಂದ ಮೇಲೆ, ತಿನ್ನುವ ಮುಂಚೆ ಇನ್ನೊಮ್ಮೆ ತೊಳೆಯುವುದು ಇನ್ನೂ ಒಳ್ಳೆಯದು, ಏಕೆಂದರೆ ನಡುವೆ ಹತ್ತು ಇಕ್ಕಳ ಹಿಡಿದಿರುತ್ತೀರಿ. ನಾವು ಕೈಯಲ್ಲೇ ಊಟ ಮಾಡುವವರು, ನಮಗೆ ಇದು ಇನ್ನೂ ಮುಖ್ಯ.

ಅಮೆರಿಕದ ಬಂದರು ಮುಟ್ಟುವ ಹಡಗುಗಳಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ತಪಾಸಣೆ ಉಂಟು. ಬಿಸಿ ಊಟ 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು, ತಣ್ಣಗಿನದು 5 ಡಿಗ್ರಿ ಮೀರಬಾರದು. 100ಕ್ಕೆ 86 ಅಂಕ ಬಂದರೆ ಪಾಸು. ಅಂಕಗಳು ಸಿಡಿಸಿ ತಾಣದಲ್ಲಿ ಹಡಗಿನ ಹೆಸರಿನಲ್ಲೇ ಸಿಗುತ್ತವೆ. ತಟ್ಟೆಯಲ್ಲಿರುವ ದಾಲ್‌ನಿಂದ ಹಬೆ ಬರುತ್ತಿಲ್ಲವೆಂದರೆ ಬಿಟ್ಟುಬಿಡಿ. ಬಫೆಯಿಂದ ತಂದ ಊಟವನ್ನು ಕ್ಯಾಬಿನ್ನಿನ ಪುಟ್ಟ ಫ್ರಿಜ್ಜಿನಲ್ಲಿಟ್ಟು ಸಂಜೆ ತಿನ್ನಬೇಡಿ, ಅದು ತಂಪು ಪಾನೀಯಕ್ಕೆ ಸಾಕಾಗುವ ಫ್ರಿಜ್ಜು, ಅಷ್ಟು ತಣ್ಣಗಿರುವುದಿಲ್ಲ. ವಾಂತಿ ಶುರುವಾದರೆ ಮುಚ್ಚಿಡದೆ ಹಡಗಿನ ವೈದ್ಯರಿಗೆ ಹೇಳಿ, ಊಟ ಕ್ಯಾಬಿನ್ನಿಗೇ ಬರುತ್ತದೆ.

ಅಪ್ಪನಿಗೆ ಸಕ್ಕರೆ ಕಾಯಿಲೆ, ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಬಫೆಯೋ, ಡೈನಿಂಗ್ ರೂಮೋ? (ಶಿವಮೊಗ್ಗ)

ಮೇಲೆ ಡೈನಿಂಗ್ ರೂಮನ್ನು ಅಷ್ಟು ಹೊಗಳಿದ್ದರೂ ನಿಮ್ಮ ತಂದೆಗೆ ಬೆಳಿಗ್ಗೆ ಬಫೆಯೇ ಸರಿ. ಡೈನಿಂಗ್ ರೂಮಿನಲ್ಲಿ ಕೂತ ಮೇಲೆ ತಟ್ಟೆ ಬರಲು 20-30 ನಿಮಿಷ ಆಗಬಹುದು. ಕ್ಯಾಬಿನ್ನಿನಲ್ಲೇ ಚುಚ್ಚಿಕೊಂಡು ಬಂದರೆ ಲಿಫ್ಟು, ಸಾಲು, ಕಾಯುವಿಕೆ ಎಲ್ಲ ಸೇರಿ ಸಕ್ಕರೆ ತೀರಾ ಇಳಿದುಬಿಡುವ ಅಪಾಯ ಇದೆ. ಯಾವ ಕಡೆ ಹೋದರೂ ಊಟ ಕಣ್ಣೆದುರಿಗೆ ಬಂದ ಮೇಲೆ ಚುಚ್ಚಿಕೊಳ್ಳುವುದು ಅವರ ಔಷಧಿಗೆ ಹೊಂದುತ್ತದೆಯೇ ಎಂದು ಹೊರಡುವ ಮುಂಚೆ ವೈದ್ಯರನ್ನು ಕೇಳಿ. ಜೇಬಿನಲ್ಲಿ ಗ್ಲೂಕೋಸ್ ಇರಲಿ. ಹಡಗು ಗಡಿಯಾರವನ್ನು ಒಂದು ಗಂಟೆ ಹಿಂದೆ-ಮುಂದೆ ಮಾಡುವ ರಾತ್ರಿ ನೆನಪಿಟ್ಟುಕೊಳ್ಳಿ. ಬಫೆಯ ಮಷೀನಿನ ಹಣ್ಣಿನ ರಸ, ಬಣ್ಣದ ಯೋಗರ್ಟ್, ಬರ್ಚರ್ ಮ್ಯೂಸ್ಲಿ (ನೆನೆಸಿದ ಓಟ್ಸ್, ಹಣ್ಣು) ಮೂರೂ ಸಿಹಿ. ಓಟ್‌ಮೀಲ್, ಸಾದಾ ಯೋಗರ್ಟ್, ಅಣಬೆ, ಮೊಟ್ಟೆ ತಿನ್ನುವವರಾದರೆ ತರಕಾರಿ ಹಾಕಿದ ಆಮ್ಲೆಟ್ ಕೊಡಿಸಿ.

ಇಳಿಯುವ ದಿನ ತಿಂಡಿ? (ಹಾಸನ)

ಸಿಗುತ್ತದೆ, ಆದರೆ ಸಾಮಾನ್ಯವಾಗಿ ಎಂಟು, ಎಂಟೂವರೆಗೆ ಮುಗಿಸಿಬಿಡುತ್ತಾರೆ. ಕ್ಯಾಬಿನ್ನಿಗೆ ತರಿಸುವ ಸೌಲಭ್ಯ ಅಂದು ಇರುವುದಿಲ್ಲ. ಬಫೆಯಲ್ಲಿ ಜನ ಚೀಲದ ಸಮೇತ ಕೂತಿರುತ್ತಾರೆ, ಡೈನಿಂಗ್ ರೂಮಿಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ.

ಒಳ್ಳೆಯ ಕಾಫಿ ಎಲ್ಲಿ ಸಿಗುತ್ತದೆ? (ಚಿಕ್ಕಮಗಳೂರು)

ಚಿಕ್ಕಮಗಳೂರಿನವರ ನಾಲಿಗೆಗೆ ಉಚಿತ ಕಾಫಿ ಒಗ್ಗುವುದು ಕಷ್ಟ. ಬಫೆಯ ಮಷೀನಿನದು ನೀರುನೀರು, ಜೊತೆಗಿಡುವ ಪುಟ್ಟ ಡಬ್ಬಿಯಲ್ಲಿರುವುದು ತಣ್ಣಗಿನ ಕ್ರೀಮರ್. ಹಣ ಕೊಟ್ಟರೆ ಎಸ್ಪ್ರೆಸೊ ಕೌಂಟರ್ ಇದ್ದೇ ಇದೆ. ಹಣ ಕೊಡದೆ ಬೇಕಾದರೆ ಡೈನಿಂಗ್ ರೂಮಿನಲ್ಲಿ "ಹಾಟ್ ಮಿಲ್ಕ್, ಸೆಪರೇಟ್, ಎ ಫುಲ್ ಜಗ್" ಎಂದು ಕೇಳಿ, ಕಾಯಿಸಿದ ಹಾಲು ಜಗ್ಗಿನಲ್ಲಿ ಬರುತ್ತದೆ. ಸೀಲ್ ಮಾಡಿದ ಇನ್‌ಸ್ಟಂಟ್ ಕಾಫಿ ಪೊಟ್ಟಣ ಎರಡನ್ನು ಒಂದು ಲೋಟಕ್ಕೆ ಹಾಕಿ, ಕಾಲು ಲೋಟ ಬಿಸಿನೀರಿನಲ್ಲಿ ಮೊದಲು ಗಟ್ಟಿಯಾಗಿ ಕದಡಿ, ಆಮೇಲೆ ಹಾಲು ಸುರಿಯಿರಿ. ಮೊದಲೇ ಹಾಲಿಗೆ ಪುಡಿ ಹಾಕಿದರೆ ಮೇಲೆ ತೇಲಿ ಗಂಟಾಗುತ್ತದೆ.